ಅಳಿಸಿದ ಓಟಗಳು

ಎಡಗೈ, ಮತ್ತೆ ಎಡಗೈಯೇ — ಹುಲ್ಲಿನ ಮೇಲೆ ಐದು ಬೆರಳೂ ಅಗಲಿಸಿ ನೆಲ ಒತ್ತುತ್ತಿದೆ, ಅದರ ಹಿಂದೆ ಮೈ ನಿಧಾನಕ್ಕೆ ಮೇಲೆ ಬರುತ್ತಿದೆ, ಥೇರಾನ್ ಬೀಸ್ಲಿ ಹೀಗೆ ಏಳುವವನಲ್ಲ, ಅವನದು ಯಾವತ್ತೂ ಬಲಗೈ, ನಾಲ್ಕೈದು ದಢೂತಿ ಎದುರಾಳಿಗಳು ಮೇಲೆ ಬಿದ್ದು ಅಮುಕಿದರೂ ಬಲಗೈ ಊರಿ ಕೆಂಡ ತುಳಿದವನಂತೆ ಚಂಗನೆ ಎದ್ದು ನಿಲ್ಲುವ ಹುಡುಗ, ನಾಲ್ಕು ವರ್ಷದಿಂದ ನೋಡುತ್ತಿಲ್ಲವೇ ವೆಂಡೆಲ್ ಟ್ರಾಸ್ಕ್, ಈ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಚೆಂಡು ಅಪ್ಪಿಕೊಂಡು ಓಡುವವರನ್ನು ಪಳಗಿಸುವುದೇ ಅವನ ಕೆಲಸ, ಬೇರೆ ಕೋಚುಗಳು ಓಟ ನೋಡುತ್ತಾರೆ, ಅವನು ಏಳುವುದನ್ನು ನೋಡುತ್ತಾನೆ, ಕೈಯಲ್ಲಿರುವ ಹಾಳೆಯಲ್ಲಿ ಓಟಕ್ಕೊಂದು ಪೆನ್ಸಿಲ್ ಗೀಟು, ಎಡಗೈ ಊರಿ ಎದ್ದರೆ ಗೀಟಿನ ತಲೆಗೊಂದು ಚುಕ್ಕಿ, ಕಡೆಯ ನಾಲ್ಕು ಗೀಟಿಗೂ ಚುಕ್ಕಿ ಬಿದ್ದಿದೆ, ಒಂದರ ಹಿಂದೊಂದು. ಸೀಟಿ ಕೂಗಿತು, ಮುಖ್ಯ ಕೋಚ್ ಗ್ರೋವರ್ ಪ್ಲಾಂಕ್ ಎರಡೂ ಕೈ ಎತ್ತಿ ಟೈಮ್‌ಔಟ್ ಕೇಳಿದ್ದಾನೆ, ನಾಲ್ಕು ಅಂಕ ಹಿಂದೆ, ಉಳಿದಿರುವುದು ಹನ್ನೊಂದು ಸೆಕೆಂಡು, ಗೋಲ್ ಗೆರೆಗೆ ಒಂದೇ ಒಂದು ಗಜ, ಒಂದೇ ಒಂದು ಯತ್ನ, ದಾಟಿದರೆ ಗೆಲುವು, ಇಲ್ಲದಿದ್ದರೆ ಮನೆಗೆ — ಎಷ್ಟಾಯ್ತಯ್ಯಾ ಅವನ್ದು, ಎಂದ ಪ್ಲಾಂಕ್ ಚೂಯಿಂಗ್ ಗಮ್ ಅಗಿಯುತ್ತಲೇ, ಮೂವತ್ಮೂರು, ಎಂದ ವೆಂಡೆಲ್, ಬಾಯಿ ತಾನಾಗಿಯೇ ಹೇಳಿಬಿಟ್ಟಿತು, ಮೂವತ್ಮೂರು, ಮೂವತ್ತೈದಕ್ಕೆ ಇನ್ನೂ ಎರಡು ಬಾಕಿ, ಸದ್ಯ. ಆ ಮೂವತ್ತೈದು ಅವನೇ ಕೊಟ್ಟ ಮಾತು, ಆಗಸ್ಟ್‌ನಲ್ಲಿ ಥೇರಾನನ ತಾಯಿ ಒಡೆಸ್ಸಾಳ ಅಡುಗೆಮನೆಯಲ್ಲಿ, ಪೀಚ್ ಹಣ್ಣಿನ ಪೈ ಮುಂದಿಟ್ಟುಕೊಂಡು, ಆಕೆ ಪೈ ಕೊಯ್ದಳು, ಕೊಡಲಿಲ್ಲ, ಚಾಕು ಹಿಡಿದೇ ನಿಂತಳು, ನಾನು ಆಸ್ಪತ್ರೇಲಿ ಬಟ್ಟೆ ಒಗೆಯೋಳು ಕೋಚ್, ಮಂಡಿ ಹೋದ ಹುಡುಗ್ರನ್ನ ಎಷ್ಟು ನೋಡಿದೀನಿ, ನೋಡ್ಕೋತೀನಿ ಗೀಡ್ಕೋತೀನಿ ಅನ್ನೋ ಮಾತು ಬೇಡ, ಒಂದು ಆಟಕ್ಕೆ ಇಷ್ಟು ಓಟ ಅಂತ ಒಂದು ಲೆಕ್ಕ ಹೇಳಿ. ಹೇಳಿದ. ಆಕೆ ಫ್ರಿಜ್ಜಿಗೆ ಅಂಟಿಸಿದ ಕ್ಯಾಲೆಂಡರಿನ ಮೇಲೆ ದಪ್ಪಗೆ ಬರೆದುಕೊಂಡು ಆಮೇಲೆ ತಟ್ಟೆ ಮುಂದಕ್ಕೆ ತಳ್ಳಿದಳು, ಈಗ ಗ್ಯಾಲರಿಯಲ್ಲಿ ಕೂತಿದ್ದಾಳೆ, ಆರನೇ ಸಾಲು, ಸಾಸಿವೆ ಬಣ್ಣದ ಕೋಟು, ಅತ್ತ ನೋಡಬಾರದು, ನೋಡಬಾರದು, ನೋಡಿದ.

ಆಕೆಗಿಂತ ಎಂಟು ಸಾಲು ಮೇಲೆ ಕಂದು ಟೋಪಿ, ದೊಡ್ಡ ತಂಡವೊಂದಕ್ಕೆ ಹುಡುಗರನ್ನು ಆರಿಸಲು ಬಂದ ಲಾಯ್ಡ್ ಪೆಟಿಗ್ರೂ, ಬೆಳಿಗ್ಗೆ ಡೈನರಿನಲ್ಲಿ ಮೊಟ್ಟೆಯ ಮೇಲೆ ಮೆಣಸಿನ ಪುಡಿ ಉದುರಿಸಿಕೊಳ್ಳುತ್ತಾ ಹೇಳಿದ್ದನಲ್ಲ, ನಿಮ್ ಥೇರಾನ್ ಈ ವರ್ಷ ಇನ್ನೂರೆಂಬತ್ತು ಸಲ ಓಡಿದಾನೆ, ಸರಾಸರಿ ಮೂರೂಕಾಲು ಗಜ, ದುಡಿತ ಜಾಸ್ತಿ ಫಲ ಕಮ್ಮಿ, ಸವೆದ ಟೈರು ಕಣಯ್ಯಾ, ಆ ಇನ್ನೊಬ್ಬ ಇದಾನಲ್ಲ, ಕ್ವಿನ್ ಹ್ಯಾಲರ್ಡ್, ಬರೀ ಅರವತ್ತು ಓಟ, ಸರಾಸರಿ ಆರೂವರೆ, ಅವನು ಹೊಸ ಟೈರು. ವೆಂಡೆಲ್‌ಗೆ ಮೈಯೆಲ್ಲ ಉರಿದುಹೋಗಿತ್ತು, ಕ್ವಿನ್‌ನ ಮೂರು ಉದ್ದನೆಯ ಓಟ ತೆಗೆದುಬಿಟ್ಟರೆ ಅವನದೂ ಮೂರೂವರೆಯೇ ಸ್ವಾಮಿ, ಬಯಲಿನಲ್ಲಿ ಓಡಲು ಕ್ವಿನ್, ಎದುರಾಳಿಗಳ ಗೋಡೆಗೆ ತಲೆ ಕೊಡಲು ಥೇರಾನ್, ಒಂದು ಗಜ ಬೇಕಾದಾಗಲೆಲ್ಲ ಇವನನ್ನೇ ಕರೆದರೆ ಇವನ ಸರಾಸರಿ ಏರುವುದಾದರೂ ಹೇಗೆ, ಒಂದು ಬೇಕೆಂದರೆ ಒಂದು ತಂದ, ಎರಡು ಬೇಕೆಂದರೆ ಎರಡು ತಂದ, ಕೇಳಿದ್ದನ್ನು ಕೇಳಿದಷ್ಟೇ ತಂದುಕೊಟ್ಟವನಿಗೆ ಸವೆದ ಟೈರು ಅನ್ನುವುದೇ, ಇಷ್ಟನ್ನೂ ಹೇಳಿದ್ದ, ಪೆಟಿಗ್ರೂ ನಕ್ಕು ಬಿಲ್ಲು ತಾನೇ ಎತ್ತಿಕೊಂಡ, ಸಂಜೆಯೊಳಗೆ ಬದಲಾಯಿಸಲಿ ನನ್ನ ಮನಸ್ಸನ್ನ, ಎಂದ. ಬದಲಾಯಿಸಬಹುದು, ಹನ್ನೊಂದು ಸೆಕೆಂಡು ಇರುವಾಗ, ಊರಿಗೆ ಊರೇ ನಿಂತು ನೋಡುವಾಗ, ಗೆಲುವಿನ ಗೆರೆ ದಾಟಿದವನನ್ನು ಯಾರು ಮರೆಯುತ್ತಾರೆ, ಬ್ಯಾಂಡಿನವರು ಡೋಲು ನಿಲ್ಲಿಸಿದ್ದಾರೆ, ಹುರಿದ ಈರುಳ್ಳಿಯ ವಾಸನೆ, ನವೆಂಬರಿನ ಚಳಿಗೆ ಎಲ್ಲರ ಬಾಯಲ್ಲೂ ಹಬೆ, ಥೇರಾನ್ ಹತ್ತಿರ ಬಂದಿದ್ದಾನೆ, ನಡೆದೇ ಬರುತ್ತಿದ್ದಾನೆ, ಕುಂಟುತ್ತಿಲ್ಲ, ಕುಂಟದಿರಲು ಅವನು ಪಡುತ್ತಿರುವ ಪಾಡು ವೆಂಡೆಲ್‌ಗೆ ಮಾತ್ರ ಕಾಣುತ್ತಿದೆ — ಮಂಡಿ ಹೇಗಿದೆ, ಎಂದು ಕೇಳಿದ, ಯಾವ ಮಂಡಿ, ಎಂದ ಥೇರಾನ್.

ಯಾವ ಮಂಡಿ, ಇದೇ ಮಾತನ್ನು ಆಡಿದ್ದ ವೆಂಡೆಲ್, ಮೂವತ್ತೊಂದು ವರ್ಷದ ಹಿಂದೆ, ಈ ಊರ ಪಕ್ಕ ಹರಿಯುವ ನದಿಯ ಕೆಳಗಿನ ಊರಿನ ಮೈದಾನದಲ್ಲಿ, ಅವತ್ತು ಅವನೂ ನಾಲ್ಕು ಸಲ ಎಡಗೈ ಊರಿ ಎದ್ದ, ಯಾರೂ ನೋಡಲಿಲ್ಲ, ಐದನೇ ಸಲ ಕೈ ಒತ್ತಿತು, ಮೈ ಏಳಲಿಲ್ಲ, ಇವತ್ತಿಗೂ ಮೆಟ್ಟಿಲು ಇಳಿಯುವಾಗ ಕಟಕ್ ಎನ್ನುತ್ತದೆ, ಆಸ್ಪತ್ರೆಗೆ ಬಂದ ಅವನ ಆಗಿನ ಮುದಿ ಕೋಚ್ ಟೋಪಿ ತೆಗೆದು ಮಂಚದ ಪಕ್ಕ ಕೂತು, ನಿಜವಾಗಿ ಕಣ್ಣೀರು ಹಾಕಿಕೊಂಡು, ಲೆಕ್ಕದ ಬುಕ್ಕಲ್ಲಿ ಇಪ್ಪತ್ತೆಂಟೇ ಇತ್ತಲ್ಲೋ ಮಗಾ, ಇಪ್ಪತ್ತೆಂಟು ಓಟಕ್ಕೆ ಯಾರಿಗೂ ಹೀಗಾಗಲ್ಲ, ಎಂದ, ಇಪ್ಪತ್ತೆಂಟೇ, ಹೌದು, ಬುಕ್ಕಿನಲ್ಲಿ — ಹೆಬ್ಬೆರಳು ಹಾಳೆಯ ಮೇಲೆ ನಿಂತಿತು, ಅಲ್ಲಿ ಏನೋ ಒರಟು. ರಬ್ಬರಿನಿಂದ ಉಜ್ಜಿದ ಜಾಗ, ಪೆನ್ಸಿಲ್ ಹೋಗಿದೆ, ಅದು ಒತ್ತಿದ ಗುಳಿ ಹೋಗಿಲ್ಲ, ಆಟದ ಎರಡನೇ ಕಾಲು ಭಾಗದಲ್ಲಿ ನಮ್ಮವನೊಬ್ಬ ಎದುರಾಳಿಯ ಅಂಗಿ ಹಿಡಿದೆಳೆದ, ಹಳದಿ ಬಾವುಟ ಬಿತ್ತು, ಆ ಓಟ ರದ್ದು, ವೆಂಡೆಲ್ ಗೀಟು ಅಳಿಸಿದ, ಮತ್ತೊಂದು ಬಾವುಟ, ಮತ್ತೊಂದು ಅಳಿಸಿದ, ದಂಡ ಬಿದ್ದ ಓಟ ಬುಕ್ಕಿಗೆ ಬರುವುದಿಲ್ಲ, ಯಾರ ಬುಕ್ಕಿಗೂ ಬರುವುದಿಲ್ಲ, ಆಟದ ಕಾಗದದ ಪ್ರಕಾರ ಅದು ನಡೆದೇ ಇಲ್ಲ, ನಡೆದೇ ಇಲ್ಲದ ಓಟದಲ್ಲಿ ಮೂವರು ದಢೂತಿಗಳು ಹುಡುಗನ ಮೇಲೆ ಬಿದ್ದಿದ್ದರು, ಅಯ್ಯೋ ದೇವರೇ, ಒಂದು, ಎರಡು, ಹೆಬ್ಬೆರಳು ಕುರುಡನ ಹಾಗೆ ತಡಕಿತು, ಮೂರು, ನಾಲ್ಕು, ಐದು, ಮೂವತ್ಮೂರಕ್ಕೆ ಐದು ಕೂಡಿಸಿದರೆ ಮೂವತ್ತೆಂಟು, ಮಾತು ಮೂರು ಓಟದ ಹಿಂದೆಯೇ ಮುರಿದಿದೆ, ಮುರಿದವನು ತಾನು, ಆ ಮುದುಕನನ್ನು ಮೂವತ್ತೊಂದು ವರ್ಷ ಬೈದುಕೊಂಡು ಅವನ ಲೆಕ್ಕವನ್ನೇ ತಾನೂ ಇಟ್ಟಿದ್ದಾನೆ, ಇದಕ್ಕಿಂತ ನಾಚಿಕೆಗೇಡು ಇನ್ನೇನಿದೆ. ಬೇಗ ಹೇಳಯ್ಯಾ, ಎಂದ ಪ್ಲಾಂಕ್, ಇನ್ನೂ ಎರಡು ಇದೆಯಲ್ಲ, ಥೇರಾನ್‌ಗೇ ಕೊಡೋಣ. ಹೇಳಬಾರದೇ, ಬುಕ್ಕಿನಲ್ಲಿ ಇರುವುದು ಮೂವತ್ಮೂರೇ, ಸುಳ್ಳೂ ಅಲ್ಲ, ಒಡೆಸ್ಸಾಳಿಗೆ ಗೊತ್ತೂ ಆಗುವುದಿಲ್ಲ, ಹುಡುಗನ ಬದುಕು ಆ ಗೆರೆಯ ಆಚೆ ಇದೆ — ಅವನದು ಮುಗೀತು, ಮೂವತ್ತೆಂಟಾಗಿದೆ, ಕ್ವಿನ್‌ಗೆ ಕೊಡಿ, ಎಂದ ವೆಂಡೆಲ್, ಅವನ ದನಿ ಅವನಿಗೇ ಬೇರೆಯವರದ್ದು ಅನ್ನಿಸಿತು. ಥೇರಾನ್ ಹೆಲ್ಮೆಟ್ಟಿನ ಕಂಬಿಯೊಳಗಿಂದ ನೋಡಿದ, ಅಳಿಸಿದ್ದನ್ನ ಯಾರು ಎಣಿಸ್ತಾರೆ ಕೋಚ್, ಎಂದ ಮೆಲ್ಲಗೆ, ಮೇಲೆ ಆ ಮನುಷ್ಯ ಕೂತಿದಾನೆ, ಒಂದು ಗಜ, ನಿಮ್ ದಮ್ಮಯ್ಯ ಕೋಚ್, ಒಂದೇ ಗಜ.

ಪ್ಲಾಂಕ್ ಒಮ್ಮೆ ಇವನ ಮುಖ ನೋಡಿ, ಸೋತರೆ ನಿನ್ನ ತಲೆ ಮೇಲೆ, ಎಂದು ಕ್ವಿನ್‌ನ ಬೆನ್ನು ತಟ್ಟಿ ಕಳಿಸಿದ, ಥೇರಾನ್ ಹೆಲ್ಮೆಟ್ ಕಿತ್ತು ಪಕ್ಕದಲ್ಲೇ ಹುಲ್ಲಿನ ಮೇಲೆ ಒಂದು ಮಂಡಿಯೂರಿ ಕೂತ, ಆಟದಿಂದ ಆಚೆ ಬಂದ ಆಟಗಾರರೆಲ್ಲ ಹಾಗೆಯೇ ಕೂರುತ್ತಾರೆ, ಸಿಟ್ಟಿಗೆ ದವಡೆ ಅದುರುತ್ತಿದೆ, ಬೈಯಲಿ, ಜನ್ಮವಿಡೀ ಬೈಯಲಿ, ಎರಡು ಕಾಲಿನ ಮೇಲೆ ನಿಂತು ಬೈಯಲಿ, ಅಷ್ಟು ಸಾಕು ವೆಂಡೆಲ್‌ಗೆ, ಎರಡೂ ತಂಡದ ಸಾಲುಗಳು ಬಗ್ಗಿದವು, ಚೆಂಡು ಹಿಂದಕ್ಕೆ ಬಂತು, ಕ್ವಿನ್ ಗೋಡೆಗೆ ತಲೆ ಕೊಡಲಿಲ್ಲ, ಅವನಿಗೆ ಅದು ಗೊತ್ತೇ ಇಲ್ಲ, ಪಕ್ಕಕ್ಕೆ ಓಡಿದ, ಓಡುತ್ತಿದ್ದಾನೆ, ಒಬ್ಬನ ಕೈ ಅವನ ಹಿಮ್ಮಡಿಗೆ ತಗುಲಿತು, ತೂಗಾಡಿದ, ಬೀಳುತ್ತಾ ಚೆಂಡು ಚಾಚಿದ, ಗೆರೆಯ ಮೇಲೆ ಬಿದ್ದ, ಗೆರೆಯ ಆಚೆ ಬಿದ್ದ, ರೆಫರಿಯ ಎರಡೂ ಕೈ ಆಕಾಶಕ್ಕೆ. ಬೆಂಚಿನವರೆಲ್ಲ ಒಮ್ಮೆಗೇ ಮೈದಾನಕ್ಕೆ ನುಗ್ಗಿದರು, ಡೋಲು, ಗಂಟೆ, ಯಾರೋ ವೆಂಡೆಲ್‌ನ ಕೊರಳಿಗೆ ಜೋತುಬಿದ್ದು ಬಿಟ್ಟುಹೋದರು, ಮೇಲೆ ಕಂದು ಟೋಪಿ ಬಗ್ಗಿ ಏನನ್ನೋ ಬರೆದುಕೊಳ್ಳುತ್ತಿದೆ, ಕ್ವಿನ್‌ನ ಹೆಸರೇ ಇರಬೇಕು, ಬರೆದುಕೊಳ್ಳಲಿ, ಆರನೇ ಸಾಲಿನಲ್ಲಿ ಸಾಸಿವೆ ಕೋಟು ಒಂದೇ ಚಪ್ಪಾಳೆ ತಟ್ಟುತ್ತಿಲ್ಲ, ನೆಟ್ಟಗೆ ನಿಂತು ಇತ್ತಲೇ ನೋಡುತ್ತಿದೆ, ಉಳಿಸಿಕೊಟ್ಟೆ ನೋಡಮ್ಮಾ ನಿನ್ನ ಮಗನನ್ನು, ಏಳೋ ಮಗಾ, ಗೆದ್ವಿ, ಎಂದು ತಿರುಗಿದ ವೆಂಡೆಲ್, ಸಾಲಿಗೆ ಸಾಲೇ ಖಾಲಿಯಾಗಿ ತುಳಿದ ಹುಲ್ಲಿನ ಮೇಲೆ ಒಬ್ಬನೇ ಉಳಿದಿದ್ದಾನೆ ಥೇರಾನ್, ಕೋಚ್, ಎಂದ, ಸಿಟ್ಟಿಲ್ಲದ, ಚಿಕ್ಕ ಮಗುವಿನ ದನಿ, ಕೋಚ್ — ಎಡಗೈ, ಹುಲ್ಲಿನ ಮೇಲೆ ಐದು ಬೆರಳೂ ಅಗಲಿಸಿ ನೆಲ ಒತ್ತುತ್ತಿದೆ, ಒತ್ತುತ್ತಿದೆ, ಬೆರಳ ತುದಿ ಬೆಳ್ಳಗಾಗಿದೆ, ಮೈ ಮೇಲೆ ಬರುತ್ತಿಲ್ಲ, ಎಡಗೈ