ಕೋಷ್ಟಕದಿಂದ ಹೊರಬಿದ್ದ ಅಂಕಿ

ನನ್ನ ಮಗಳು ಕೊಬ್ಬಿನ ಲೆಕ್ಕ ಇಡುತ್ತಾಳೆ ಎಂದರೆ ಜನ ನನ್ನ ಸೊಂಟ ನೋಡುತ್ತಾರೆ. ನೋಡಲಿ ಬಿಡಿ! ಇದು ಆ ಕೊಬ್ಬಲ್ಲ, ಜೀವಕೋಶಕ್ಕೆ ಪೊರೆ ಕಟ್ಟುವ ಲಿಪಿಡ್. ಯಾವ ಲಿಪಿಡ್ ಎಷ್ಟು ಶಾಖಕ್ಕೆ ಗಟ್ಟಿ ಸ್ಥಿತಿ ಬಿಟ್ಟು ಸಡಿಲವಾಗುತ್ತದೆ ಎಂದು ಎಲ್ಲೆಲ್ಲಿಯ ಪ್ರಯೋಗಾಲಯಗಳೋ ಅಳೆದಿರುತ್ತವೆ. ಅದನ್ನೆಲ್ಲ ಒಟ್ಟುಮಾಡಿ, ಜಳ್ಳು ತೂರಿ, ನಂಬಬಹುದಾದ ಅಂಕಿಗಳ ಕೋಷ್ಟಕ ಮಾಡುವುದು ಅವಳ ಕೆಲಸ. ಔಷಧ ತಯಾರಿಸುವವರು ಅದನ್ನು ನೋಡಿಕೊಂಡೇ ಮದ್ದನ್ನು ಲಿಪಿಡ್ ಗುಳ್ಳೆಯೊಳಗೆ ತುಂಬುತ್ತಾರಂತೆ. ಅಂಕಿ ತಪ್ಪಿದರೆ ಗುಳ್ಳೆ ದಾರಿಯಲ್ಲೇ ಸೋರುತ್ತದೆ.

ಕೋಷ್ಟಕದಲ್ಲಿ ಅವಳದೇ ಒಂದು ಅಂಕಿಯಿತ್ತು. ಪಿಎಚ್‌.ಡಿ. ಮಾಡುವಾಗ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅಳೆದದ್ದು. ಅವಳಿಗೆ ಹೆಸರು ಬಂದದ್ದೂ ಈ ಕೆಲಸ ಸಿಕ್ಕಿದ್ದೂ ಅದರಿಂದಲೇ. ಈಚೆಗೆ ಬೇರೆ ಪ್ರಯೋಗಾಲಯಗಳ ಅಳತೆ ಅದಕ್ಕೆ ತಾಳೆಯಾಗಲಿಲ್ಲ. ಹಿಂದೆ ಅಳೆದು ಉಳಿದಿದ್ದ ಸ್ಯಾಂಪಲ್ ತೆಗೆದು ಇವಳು ಪರೀಕ್ಷಿಸಿದರೆ ಕಲಬೆರಕೆ!

“ನನ್ನ ಅಂಕಿ ತೆಗೀಬೇಕಮ್ಮಾ,” ಎಂದಳು ಊಟಕ್ಕೆ ಕೂತವಳು.

“ಹುಚ್ಚೀ, ಸ್ಯಾಂಪಲ್ ಕೊಟ್ಟವರ ತಪ್ಪಿಗೆ ನಿನ್ನ ಕಾಲ ಮೇಲೆ ನೀನೇ ಕಲ್ಲು ಹಾಕ್ಕೋತೀಯಾ? ಯಾರಿಗೆ ಗೊತ್ತಾಗುತ್ತೆ?”

“ನನಗೆ ಗೊತ್ತಾಗಿದೆಯಲ್ಲ.”

“ಬಂದ ಹೆಸರು ಹೋದ್ರೆ?”

“ಹೋಗ್ಲಿ. ಬೇರೆಯವರದ್ದೆಲ್ಲ ಹೊಡೆದು ಹಾಕಿಲ್ವಾ ನಾನು?” ಎಂದು ಅತ್ತೇಬಿಟ್ಟಳು. ನನಗೆ ಮೈಯೆಲ್ಲ ಉರಿಯಿತು. ತಟ್ಟೆ ತೆಗೆದುಕೊಂಡು ಹೋಗಿ ಸಿಂಕಿನಲ್ಲಿ ಕುಕ್ಕಿದೆ.

ಕೋಷ್ಟಕ ಅಂತಿಮಗೊಳಿಸುವ ಸಭೆಗೆ, ಅಂಕಿ ಕಳೆದುಕೊಂಡವರೆಲ್ಲ ಜಗಳಕ್ಕೆ ಟೊಂಕ ಕಟ್ಟಿ ಬಂದಿದ್ದರು. ಮುಂದಿನ ಸಾಲಿನಲ್ಲಿ ಅವಳಿಗೆ ಪಾಠ ಹೇಳಿಕೊಟ್ಟ ಮೇಷ್ಟ್ರೇ ಇದ್ದರು. ಅವರದೂ ಒಂದು ಅಂಕಿಯನ್ನು ಇವಳು ಕೈಬಿಟ್ಟಿದ್ದಳು. ಅಂದಿನಿಂದ ಅವರು ಮಾತು ಬಿಟ್ಟಿದ್ದರು. ಯಾರಾದರೂ ಮಗಳ ಮೇಲೆ ಹರಿಹಾಯ್ದರೆ ನಾನೇ ಜಾಡಿಸೋಣವೆಂದು ಹೋಗಿ ಹಿಂದೆ ಕೂತಿದ್ದೆ.

ಅವಳು ಎದ್ದು, “ಕೈಬಿಟ್ಟವುಗಳಲ್ಲಿ ಮೊದಲನೆಯದು ನನ್ನದು,” ಎಂದು ಕಾರಣ ಸಮೇತ ಓದಿದಳು. ದನಿ ಒಂಚೂರೂ ಅಳುಕಲಿಲ್ಲ.

ಮೇಷ್ಟ್ರು ಎದ್ದರು. ಜಾಡಿಸಲು ನಾನೂ ಕುರ್ಚಿಯ ತುದಿಗೆ ಸರಿದೆ.

“ವಾದ ಮಾಡೋಕೆ ಬಂದಿದ್ದೆ. ಇನ್ನು ಬೇಡ,” ಎಂದರು. “ನಾನು ಪ್ರಕಟ ಮಾಡದ ಅಳತೆಗಳು ರಾಶಿ ಇವೆ, ಜೀವಮಾನದ್ದು. ಯಾರ ಕೈಗೆ ಕೊಡೋದು ಅಂತ ಗೊತ್ತಾಗ್ತಿರಲಿಲ್ಲ. ನೀನೇ ನೋಡಮ್ಮ. ಸರಿಯಿಲ್ಲದ್ದನ್ನ ಮುಲಾಜಿಲ್ಲದೆ ತೆಗೆದು ಹಾಕು.”

ಮಗಳು ಕೈಮುಗಿದಳು. ಪಕ್ಕದ ಕುರ್ಚಿಯವರು ಮೆಲ್ಲಗೆ, “ಯಾರ್ರೀ ಈ ಹುಡುಗಿ?” ಎಂದರು.

“ನಾನು ಹೆತ್ತ ಮಗಳು ಕಣ್ರೀ!” ಎಂದೆ. ಸಭೆಯೆಲ್ಲ ತಿರುಗಿ ನೋಡುವಷ್ಟು ಜೋರಾಗಿಯೇ ಹೇಳಿದೆ.