ಸಂಬಳದ ಆಟ

ಹಸಿ ಪೈನ್ ಹಲಗೆಯ ಅಂಟಿನ ವಾಸನೆ, ಇಷ್ಟು ಚಳಿಯಲ್ಲೂ ಮೂಗಿಗೆ ಹತ್ತುತ್ತದಲ್ಲ, ತನ್ನದೇ ಮಿಲ್ಲಿನ ಹಲಗೆ, ತಾನೇ ಎದುರು ನಿಂತು ಕೊಯ್ಯಿಸಿದ್ದು, ಈಗ ಐಸ್ ಹಾಕಿಯ ಮಂಜುಗಡ್ಡೆಯ ಅಂಗಳಕ್ಕೆ ಸುತ್ತುಗೋಡೆಯಾಗಿ ನಿಂತಿದೆ, ಅದರ ಮೇಲೆ ಮೊಣಕೈಯೂರಿ ಹೆಕ್ಟರ್ ಮ್ಯಾಕ್‌ನೀಲ್ ಎದೆ ತುಂಬ ಉಸಿರೆಳೆದುಕೊಂಡ — ಎಂಥ ಜನ, ಲಾರ್ಕ್ ಲೇಕ್ ಊರಿಗೆ ಊರೇ ಬಂದಿದೆ, ಬೆಳ್ಳಿ ಗಣಿಯವರು, ರೈಲ್ವೆಯವರು, ಚರ್ಚಿನಲ್ಲಿ ಮುಖ ತಿರುಗಿಸಿಕೊಂಡವರು, ಎಲ್ಲರೂ ಕಂಬಳಿ ಸುತ್ತಿಕೊಂಡು, ಸುಟ್ಟ ಆಲೂಗಡ್ಡೆಯನ್ನು ಬಿಸಿಬಿಸಿಯಾಗಿ ಜೇಬಿಗಿಳಿಸಿಕೊಂಡು, ದುಡ್ಡಿಗೆ ಆಡೋರನ್ನ ನೋಡೋಕೆ ಯಾರು ಬರ್ತಾರ್ರೀ ಅಂದಿದ್ದ ಡಾಕ್ಟರ್ ಹ್ಯಾಲಿಡೇ ಕೂಡ, ಅದೋ ಎರಡನೇ ಸಾಲಿನಲ್ಲಿ, ಟೋಪಿಯನ್ನು ಹುಬ್ಬಿನವರೆಗೂ ಎಳೆದುಕೊಂಡಿದ್ದಾನೆ, ಯಾರಿಗೂ ಕಾಣಿಸಬಾರದಂತೆ, ಪಾಪ. ಆಟ ಮಾರೋ ವಸ್ತು ಅಲ್ಲ ಹೆಕ್ಟರ್, ದೊಡ್ಡ ಮನುಷ್ಯರು ಆಡೋದು ಪ್ರೀತಿಗೆ — ಹವ್ಯಾಸಿ ಸಂಘದ ಅಧ್ಯಕ್ಷನ ಕುರ್ಚಿಯಲ್ಲಿ ಕೂತು ಎಷ್ಟು ಸಲೀಸಾಗಿ ಅಂದುಬಿಟ್ಟ, ಅವನಿಗೇನು, ಅವನು ಒವಿಲಾ ಬ್ರಿಸೆಟ್‌ನ ಮನೆಯೊಳಗೆ ಕಾಲಿಟ್ಟವನೇ ಅಲ್ಲ, ತಾನು ಇಟ್ಟಿದ್ದ, ಹೋದ ಚಳಿಗಾಲ, ಒವಿಲಾ ಸಂಘದ ಪರವಾಗಿ ಆಡುತ್ತ ಹೆಗಲ ಮೂಳೆ ಮುರಿದುಕೊಂಡು ಗಣಿಗೆ ಹೋಗಲಾಗದೆ ಕೂತಿದ್ದ, ಊರಿನ ಅತಿ ಚುರುಕು ಆಟಗಾರ, ಪಿಕಾಸಿ ಎತ್ತಲಾರದ ಗಣಿಯಾಳು, ಹೆಂಡತಿ ರೋಸಲಿ ಯಾರಯಾರದೋ ಬಟ್ಟೆ ಕುದಿಸುತ್ತಿದ್ದಳು, ಮನೆಯೆಲ್ಲ ಸೋಪಿನ ಹಬೆ, ಒಲೆಯ ಮೇಲಿನ ಮೊಳೆಗೆ ಸಂಘ ಕೊಟ್ಟ ಪದಕ ನೇತಾಡುತ್ತಿತ್ತು, ಸಾಹುಕಾರ್ರೇ, ಇದನ್ನ ಬೇಯ್ಸಿದ್ರೆ ಬಟಾಣಿ ಸಾರಾಗುತ್ತಾ ಅಂತ ಒವಿಲಾ ನಕ್ಕ, ಆ ನಗು ಹೆಕ್ಟರನ ಹಿಂದೆಯೇ ಮನೆಗೆ ಬಂತು, ಊಟಕ್ಕೂ ಕೂತಿತು, ಅದು ಬಿಡಲಿಲ್ಲ, ಬಿಡದೆ ಸಂಘದ ಸಭೆಯಲ್ಲಿ ಎಬ್ಬಿಸಿ ನಿಲ್ಲಿಸಿತು, ನಿಮ್ಮ ಪ್ರೀತಿಗೋಸ್ಕರ ಅವನ ಹೆಂಡ್ತಿ ಬಟ್ಟೆ ಒಗೀಬೇಕಾ ಡಾಕ್ಟ್ರೇ, ಆಡೋನಿಗೆ ಸಂಬಳ ಕೊಡೋಣ. ಹೊರಗೆ ಹಾಕಿದರು. ಹಾಕಲಿ, ಹಲಗೆ ತನ್ನದು, ಕೆರೆಯ ನೀರು ದೇವರದು, ಚಳಿ ಬಿಟ್ಟಿ, ಬೇಸಿಗೆ ಮುಗಿಯುವಷ್ಟರಲ್ಲಿ ಈ ಕಟ್ಟಡ ಎದ್ದಿತ್ತು, ಸಂಬಳದ ತಂಡಕ್ಕೆ ಮೊದಲು ಸಹಿ ಹಾಕಿದವನೇ ಒವಿಲಾ.

ಅಗೋ ಅವನು, ಹಳದಿ ಅಂಗಿಯಲ್ಲಿ, ಎದುರಾಳಿಯ ಅಂಗಿಯಲ್ಲಿ, ಎಂಥ ತಮಾಷೆ ನೋಡು, ಹ್ಯಾಮಂಡ್ ಊರಿನ ಗಣಿ ಮಾಲೀಕ ಕ್ರೋಕರ್ ಎರಡು ಪಟ್ಟು ಸಂಬಳ ಕೊಡುತ್ತೇನೆಂದು ತನ್ನ ತಂಡಕ್ಕೆ ಕರೆಸಿಕೊಂಡ, ಹೋದ ವಾರ ಒವಿಲಾ ಮಿಲ್ಲಿಗೆ ಬಂದು ಮರದಪುಡಿಯಲ್ಲಿ ಬೂಟು ತಿಕ್ಕುತ್ತ ನಿಂತಿದ್ದ, ಹೋಗ್ಲಾ ಸಾಹುಕಾರ್ರೇ, ನೀವು ಬೇಡ ಅಂದ್ರೆ ಹೋಗಲ್ಲ — ಸಿಟ್ಟು ಬಂದಿತ್ತು ನಿಜ, ರಾತ್ರಿ ಹೆಂಡತಿ ಎಫಿಯೂ ಬಡಿಸುತ್ತ ಅಂದಳು, ಸಹಿ ಹಾಕಿದಾನಲ್ರೀ, ತಡೀರಿ, ಇಲ್ದಿದ್ರೆ ಊರು ನಿಮ್ಮನ್ನ ಪೆದ್ದ ಅನ್ನುತ್ತೆ, ತಡೆಯಬಹುದಿತ್ತು, ವಕೀಲನ ಒಂದು ಮಾತು ಸಾಕಿತ್ತು, ಆದರೆ ದುಡಿಮೆ ಅವನದು, ಎಲ್ಲಿ ಬೇಕೋ ಅಲ್ಲಿ ಮಾರ್ಕೊಳ್ಳಲಿ ಎಂದು ಡಾಕ್ಟರನೆದುರು ಕೂಗಿದ್ದ ಬಾಯಿ ಇದೇ ಅಲ್ಲವೇ, ತನ್ನ ಅಂಗಳಕ್ಕೆ ಒಂದು ಮಾತು, ಕ್ರೋಕರನ ಅಂಗಳಕ್ಕೆ ಇನ್ನೊಂದು ಆಗುತ್ತದೆಯೇ, ಮರುದಿನ ಅವನನ್ನು ಕರೆದು ಹೋಗಯ್ಯಾ, ಹೋಗು, ಚೆನ್ನಾಗಿ ಆಡು ಅಂದ, ಅಂದ ಮೇಲೆ ಮೈ ಹಗುರಾಯಿತು, ಯಾಕೋ. ದ್ರೋಹಿ, ದ್ರೋಹಿ — ಇಡೀ ಊರು ಹಲಗೆ ಗುದ್ದುತ್ತಿದೆ, ಹಿಂದಿನಿಂದ ಮಿಲ್ಲಿನ ಮುದುಕ ಗಸ್, ಲೋ ಹೆಕ್ಟರ್, ನೀನೇ ಸಾಕಿದ ಕರಡಿ ನಿನ್ನನ್ನೇ ಪರಚ್ತಾ ಇದೆ ನೋಡೋ, ನಗಬೇಕೋ ಅಳಬೇಕೋ, ಎರಡೂ ಕಡೆ ಗೋಲು ಸಮ, ಇನ್ನೇನು ಆಟ ಮುಗಿಯುವ ಗಂಟೆ ಬಾರಿಸುತ್ತಾರೆ, ಪಕ್, ಆ ರಬ್ಬರ್ ಬಿಲ್ಲೆ, ಒವಿಲಾನ ಕೋಲಿಗೆ ಸಿಕ್ಕಿತು, ಅಯ್ಯೋ ತಡೀರೋ, ಒಬ್ಬನನ್ನು ದಾಟಿದ, ಇನ್ನೊಬ್ಬ ಬಿದ್ದ, ಹೋದ ವರ್ಷ ಹೀಗೆ ಆಡುತ್ತಿರಲಿಲ್ಲ ಇವನು, ಸೋಮವಾರದ ಕೆಲಸ ನೆನೆಸಿಕೊಂಡು ಹೆಗಲು ಕಾಯ್ದುಕೊಳ್ಳುತ್ತಿದ್ದ, ಡಿಕ್ಕಿಗೆ ಅಂಜುತ್ತಿದ್ದ, ಈಗ ನೋಡು, ಅದೇ ಹೆಗಲನ್ನು ಮುಂದೆ ಕೊಟ್ಟು ನುಗ್ಗುತ್ತಿದ್ದಾನೆ, ಹೆದರಿಕೆಯೇ ಇಲ್ಲ, ಮೈಯೆಲ್ಲ ಆಟ, ಇದು ಪ್ರೀತಿಯಲ್ಲದೆ ಮತ್ತೇನು — ಗೋಲು.

ಕಟ್ಟಡವೇ ಉಸಿರು ಹಿಡಿಯಿತು, ಆ ಮೌನದಲ್ಲಿ ಒಬ್ಬನೇ ಯಾರೋ ಹಲಗೆ ಬಡಿಯುತ್ತ ಭಲೇ ಭಲೇ ಎನ್ನುತ್ತಿದ್ದಾನೆ, ಯಾವನಪ್ಪಾ ಅವನು, ಅರೆ, ತನ್ನದೇ ಕೈ, ಎಫಿ ತೋಳು ಜಗ್ಗುತ್ತಿದ್ದಾಳೆ, ರೀ, ಸೋತಿದ್ದು ನಾವು ಕಣ್ರೀ, ಗೊತ್ತು ಕಣೇ, ಗೊತ್ತು, ಎರಡನೇ ಸಾಲಿನಿಂದ ಡಾಕ್ಟರ್, ಟೋಪಿ ಹಿಂದಕ್ಕೆ ತಳ್ಳಿ, ನೋಡಿದ್ಯಾ ಹೆಕ್ಟರ್ ದುಡ್ಡಿನವರ ನಿಯತ್ತು, ನೋಡಿದೆ ಡಾಕ್ಟ್ರೇ, ಕಣ್ತುಂಬ ನೋಡಿದೆ, ಮುಂದಿನ ವಾರವೂ ಬನ್ನಿ, ನಿಮಗೊಂದು ಒಳ್ಳೇ ಜಾಗ ಇಟ್ಟಿರ್ತೀನಿ, ಜನ ನಗುತ್ತಿದ್ದಾರೆ, ಬೈಯುತ್ತಲೇ ನಗುತ್ತಿದ್ದಾರೆ, ಬರುತ್ತಾರೆ ಇವರೆಲ್ಲ, ಒವಿಲಾನನ್ನು ಬೈಯುವುದಕ್ಕಾದರೂ ಬರುತ್ತಾರೆ, ಮತ್ತೆ ಅವನು ಅಂಗಳ ಸುತ್ತಿ ಇತ್ತಲೇ ಬರುತ್ತಿದ್ದಾನೆ, ವೇಗವಾಗಿ, ಹಲಗೆಯ ಹತ್ತಿರ ಸ್ಕೇಟಿನ ಅಲಗನ್ನು ಅಡ್ಡ ತಿರುಗಿಸಿ ಗಕ್ಕನೆ ನಿಂತ, ಕಾಲಡಿಯಿಂದ ಮಂಜಿನ ಪುಡಿ ಚಿಮ್ಮಿತು, ಹೆಕ್ಟರನ ಕರಿ ಕೋಟಿನ ತೋಳಿನ ಮೇಲೆ, ಒವಿಲಾ ಒಮ್ಮೆ ತಲೆ ಬಾಗಿಸಿ ಹೊರಟುಹೋದ, ಒರೆಸೋಕೇನಾದ್ರೂ ಕೊಡ್ಲಾ ಅನ್ನುತ್ತಾಳೆ ಎಫಿ, ಬೇಡ, ಇರಲಿ, ಕರಿ ತೋಳು, ಬಿಳಿ ಪುಡಿ, ದೀಪಕ್ಕೆ ಮಿನುಗುತ್ತ, ಕರಿ ತೋಳಿನ ಮೇಲೆ ಬಿಳಿ ಪುಡಿ —