ಕೊನೆಯ ಘಟ್ಟದಲ್ಲಿ ಯಾರೂ ಸತ್ತಿರಲಿಲ್ಲ

ಮಧ್ಯಾಹ್ನ ಮೂರೂ ಹತ್ತಕ್ಕೆ ಆಟ ನಿಂತುಹೋಯಿತು.

ಟಿವಿಯ ಮುಂದೆ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ ತಂಗಿ ಕೈಯಲ್ಲಿದ್ದ ಗುಂಡಿಗಳನ್ನೆಲ್ಲ ಒತ್ತಿ ನೋಡಿದಳು. ಏನೂ ಅಲುಗಲಿಲ್ಲ. ಕೆಂಪು ಉಡುಪಿನ ನಾಯಕಿ ಗೋಪುರದ ಏಣಿಯಿಂದ ಜಾರಿ, ಕೈಯಲ್ಲಿ ಬಂದೂಕು ಹಿಡಿದುಕೊಂಡೇ ಗಾಳಿಯಲ್ಲಿ ತಲೆಕೆಳಗಾಗಿದ್ದಳು. ಪರದೆಯ ತಳದಲ್ಲಿ ಸಮುದ್ರದ ನೀರು ಏರಬೇಕಾಗಿದ್ದ ಕಡೆ ಮುರಿದ ಗೀರುಗಳ ಸಾಲೊಂದು ಮೂಡಿ ಅಲ್ಲೇ ನಿಂತಿತ್ತು. ಸ್ಪೀಕರಿನಿಂದ ಒಂದೇ ಸ್ವರ ಎಳೆದುಕೊಂಡು ಬರುತ್ತಿತ್ತು, ಒಲೆಯ ಮೇಲೆ ಮರೆತ ಕುಕ್ಕರಿನ ಸೀಟಿಯಂತೆ.

"ಅಣ್ಣಾ, ಸತ್ತೋದ್ಲು."

"ಸಾಯ್ಲಿ ಬಿಡು. ಸಾಯೋಕೇ ಅಲ್ವಾ ಮೂರು ಜೀವ ಕೊಟ್ಟಿರೋದು," ಎಂದ ಅಣ್ಣ, ತಲೆಯೆತ್ತದೆ. ಆಟ ತುಂಬಿದ ಚಿಪ್ ಇಟ್ಟು ಕಳಿಸುವ ಡಬ್ಬಿಗೆ ಅವನು ಕತ್ತರಿಯಿಂದ ಸ್ಪಂಜು ಕತ್ತರಿಸುತ್ತಿದ್ದ.

"ಅವಳ ಜೊತೆಗೆ ಆಟಾನೂ ಸತ್ತೋಗಿದೆ. ಬಂದು ನೋಡು."

ಅಣ್ಣ ಕತ್ತರಿ ಕೆಳಗಿಟ್ಟ.

ಟೈರು ಅಂಗಡಿಯ ಮೇಲಿನ ಮಹಡಿಯಲ್ಲಿ ಆ ಕಚೇರಿ. ಎರಡು ಕಂಪ್ಯೂಟರು, ಚಿಪ್ ಬರೆಯುವ ಒಂದು ಪುಟ್ಟ ಯಂತ್ರ, ಒಂದು ಟಿವಿ, ಒಂದು ಫೋನು. ಸಿನಿಮಾ ಕಂಪನಿಯೊಂದು ತನ್ನ ಹೊಸ ವೈಜ್ಞಾನಿಕ ಚಿತ್ರವನ್ನು ವಿಡಿಯೊ ಗೇಮ್ ಮಾಡಿಕೊಡಲು ಇವರಿಗೆ ಒಪ್ಪಿಸಿತ್ತು. ಸಮುದ್ರವೇ ತುಂಬಿದ ಗ್ರಹ, ಅದರ ನಡುವೆ ಹವಾಮಾನ ಕೇಂದ್ರದ ಗೋಪುರ, ಗಾಜಿನ ಏಡಿಗಳು, ಒಬ್ಬಳೇ ಉಳಿದ ಮೆಕ್ಯಾನಿಕ್. ಚಿತ್ರವನ್ನು ಇವರು ಯಾರೂ ನೋಡಿರಲಿಲ್ಲ. ಕಥೆಯ ಪ್ರತಿ ಮತ್ತು ಕೆಲವು ಕಪ್ಪುಬಿಳುಪು ಫೋಟೊಗಳು ಬಂದಿದ್ದವು, ಅಷ್ಟೇ. ಉಡುಪಿನ ಬಣ್ಣ ಯಾವುದೆಂದು ತಿಳಿಯದೆ ಚಿತ್ರ ಬರೆಯುವವನು ಕೆಂಪು ಹಚ್ಚಿದ್ದ. ಪೋಸ್ಟರು ಬಂದಾಗ ನೋಡಿದರೆ ಬಿಳಿ. ಆ ಹೊತ್ತಿಗೆ ಬದಲಿಸಲು ಸಮಯವಿರಲಿಲ್ಲ.

ಆಟದ ಸೂಚನೆಗಳನ್ನೆಲ್ಲ ಬರೆದವನು ಅಣ್ಣ. ಅದನ್ನು ಆಡಿ ತಪ್ಪು ಹಿಡಿಯುವುದು ತಂಗಿಯ ಕೆಲಸ. ಇಂದು ಬೆಳಿಗ್ಗೆ ಬರೆದ ಚಿಪ್ ಈಗ ಮುಚ್ಚಳವಿಲ್ಲದ ಕ್ಯಾಸೆಟ್ಟಿನಲ್ಲಿ ಕೂತಿತ್ತು. ಸಂಜೆ ಐದಕ್ಕೆ ಅದು ಕೊರಿಯರ್ ಹತ್ತಬೇಕು. ಕಾರ್ಖಾನೆಯಲ್ಲಿ ಅದರ ಅಚ್ಚು ತೆಗೆದು ಸಾವಿರಾರು ಕ್ಯಾಸೆಟ್ ಮಾಡುತ್ತಾರೆ. ಅಚ್ಚಾದ ಮೇಲೆ ಬ್ರಹ್ಮನೂ ತಿದ್ದಲಾರ.

"ಮ್ಯಾನೇಜರ್ ಸಾರ್ ಟಿವಿ ಮುಂದೆ ದಾಟಿ ಹೋದ್ರಲ್ಲ, ಆಗಲೇನಾ?" ಅಣ್ಣ ಕೇಳಿದ.

"ಹೂಂ. ಅಡ್ಡ ಬಂದ್ರು, ಏಡಿ ಕಾಣಲಿಲ್ಲ, ಕೈತಪ್ಪಿ ಬಿದ್ದೆ. ಅದೇ ಕೊನೇ ಜೀವ."

ಫೋನು ಹಿಡಿದು ನಿಂತಿದ್ದ ಮ್ಯಾನೇಜರ್ ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು, "ನಾನೇನಮ್ಮಾ ಮಾಡ್ದೆ?" ಎಂದರು.

"ವೈರು ತುಳಿದಿರ್ತೀರಿ ಸಾರ್. ಕ್ಯಾಸೆಟ್ ಅಲ್ಲಾಡಿದೆ." ಅಣ್ಣ ಕ್ಯಾಸೆಟ್ ಎಳೆದು, ತುದಿಗೆ ಉಫ್ ಎಂದು ಊದಿ, ಮತ್ತೆ ಸಿಕ್ಕಿಸಿದ. ಸ್ವರ ನಿಂತಿತು. ಚಿತ್ರದ ಹೆಸರು ಪರದೆಯ ಮೇಲೆ ಬಂತು. "ನೋಡು, ಸರಿ ಇದೆ. ದೆವ್ವ ಇಲ್ಲ, ಭೂತ ಇಲ್ಲ."

ತಂಗಿ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಕ್ಯಾಸೆಟ್ ಅಲ್ಲಾಡಿದ್ರೆ ಪರದೆ ಪೂರ್ತಿ ಕೆಡತ್ತೆ. ಇದು ನೀರು ಬರೋ ಜಾಗದಲ್ಲಿ ಮಾತ್ರ ಕೆಟ್ಟಿತ್ತು."

"ಒಂದು ಸಲ ಆದದ್ದು ತಪ್ಪಲ್ಲ ಕಣೇ. ಎರಡನೇ ಸಲ ತೋರ್ಸು, ಒಪ್ಕೋತೀನಿ." ಅದು ಅವನು ಮೊದಲಿಂದಲೂ ಹೇಳುತ್ತಿದ್ದ ಮಾತು.

"ಕೊನೇ ಘಟ್ಟದಲ್ಲಿ ಮೂರೂ ಜೀವ ಕಳ್ಕೊಂಡು ಸತ್ತವರು ಯಾರಾದ್ರೂ ಇದ್ದಾರಾ, ಹೇಳು."

ಅಣ್ಣ ಬೆರಳು ಮಡಚಿ ಒಬ್ಬೊಬ್ಬರನ್ನೇ ಎಣಿಸಿದ.

ಯಾರೂ ಇರಲಿಲ್ಲ. ಆ ಘಟ್ಟ ಎಲ್ಲಕ್ಕಿಂತ ತಡವಾಗಿ ಮುಗಿದಿತ್ತು. ಬೇಗ ಬೇಗ ಆಡಿ ನೋಡಲೆಂದು ಅಣ್ಣ ಒಂದು ಗುಟ್ಟಿನ ವ್ಯವಸ್ಥೆ ಇಟ್ಟಿದ್ದ. ಅದನ್ನು ಹಾಕಿದರೆ ಏಡಿ ಕಚ್ಚಿದರೂ ಸಾವಿಲ್ಲ, ಬಿದ್ದರೂ ಸಾವಿಲ್ಲ, ಬೇಕಾದ ಘಟ್ಟಕ್ಕೆ ನೇರವಾಗಿ ಹಾರಬಹುದು. ಕಚೇರಿಯಲ್ಲಿ ಅದಕ್ಕೆ 'ಚಿರಂಜೀವಿ' ಎಂದು ಹೆಸರು. ಕೊನೆಯ ಘಟ್ಟವನ್ನು ಎಲ್ಲರೂ ಚಿರಂಜೀವಿಗಳಾಗಿಯೇ ಆಡಿದ್ದರು. ಅದಿಲ್ಲದೆ ಆಡುತ್ತಿದ್ದವಳು ತಂಗಿ ಒಬ್ಬಳೇ. ಅವಳ ಕೈ ಎಷ್ಟು ಪಳಗಿತ್ತೆಂದರೆ ಆ ಗೋಪುರದಲ್ಲಿ ಅವಳೂ ಒಮ್ಮೆಯೂ ಆಟ ಸೋತಿರಲಿಲ್ಲ. ಬೆಳಿಗ್ಗೆ ಬರೆದ ಚಿಪ್‌ನಿಂದ ಚಿರಂಜೀವಿಯನ್ನು ತೆಗೆದುಹಾಕಿಯಾಗಿತ್ತು. ಈಗ ಅಲ್ಲಿಗೆ ಹೋಗಬೇಕೆಂದರೆ ಮೊದಲಿಂದ ಆಡಿಕೊಂಡೇ ಹೋಗಬೇಕು.

"ಎಷ್ಟೊತ್ತು ಬೇಕು?" ಮ್ಯಾನೇಜರ್ ಫೋನು ಕೆಳಗಿಟ್ಟು ಕೇಳಿದರು.

"ಓಡ್ಕೊಂಡು ಹೋದ್ರೂ ಒಂದೂವರೆ ಗಂಟೆ."

"ಅಲ್ಲಮ್ಮಾ, ಆ ಕೊನೇ ಘಟ್ಟದವರೆಗೂ ಎಷ್ಟು ಜನ ಹೋಗ್ತಾರೆ? ಅರ್ಧ ಜನ ಎರಡನೇದರಲ್ಲೇ ಮಣ್ಣು ಮುಕ್ತಾರೆ."

"ಹೋದವರೆಲ್ಲ ಅಲ್ಲಿ ಸಾಯ್ತಾರೆ ಸಾರ್. ಮೊದಲನೇ ಸಲ ಯಾರೂ ಬದುಕೋದಿಲ್ಲ. ಒಂದು ತಿಂಗಳು ಒದ್ದಾಡಿ ಅಲ್ಲಿಗೆ ಹೋಗಿರ್ತಾರೆ. ಟಿವಿ ಕೆಟ್ಟೋಯ್ತು ಅಂತ ಅಪ್ಪನ ಹತ್ರ ಒದೆ ತಿಂತಾರೆ."

ಮ್ಯಾನೇಜರ್ ಗಡಿಯಾರ ನೋಡಿದರು. ಕೊರಿಯರ್ ತಪ್ಪಿದರೆ ಕಾರ್ಖಾನೆಯಲ್ಲಿ ಇವರ ಸರದಿ ಬೇರೆಯವರಿಗೆ ಹೋಗುತ್ತದೆ. ಚಿತ್ರ ಬಂದು ಹೋದ ಮೇಲೆ ಬರುವ ಆಟವನ್ನು ಯಾರೂ ಕೊಳ್ಳುವುದಿಲ್ಲ. ಕಚೇರಿಗೆ ಇನ್ನೊಂದು ಕೆಲಸ ಸಿಗುವುದೂ ಇಲ್ಲ. ಇದು ಮೂವರಿಗೂ ಗೊತ್ತಿತ್ತು.

"ಆಡು," ಎಂದರು. "ನಾನು ಈ ಮೂಲೆಯಿಂದ ಅಲ್ಲಾಡೋದಿಲ್ಲ."

ಅವಳು ಆಡಿದಳು. ಅಣ್ಣ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತ. ಮೊದಮೊದಲು "ಎಡಕ್ಕೆ, ಎಡಕ್ಕೆ" ಎನ್ನುತ್ತಿದ್ದವನು ಆಮೇಲೆ ಅವಳ ಹೆಬ್ಬೆರಳುಗಳನ್ನೇ ನೋಡತೊಡಗಿದ. ಹಡಗುಕಟ್ಟೆ, ಪಂಪಿನ ಕೋಣೆ, ಕೊಳವೆಗಳ ಚಕ್ರವ್ಯೂಹ. ಯಾವ ಬಾಗಿಲ ಹಿಂದೆ ಏಡಿ ಇದೆ, ಯಾವ ಹಲಗೆ ಕಾಲಿಟ್ಟೊಡನೆ ಕುಸಿಯುತ್ತದೆ, ಎಲ್ಲವೂ ಅವಳ ಹೆಬ್ಬೆರಳಿಗೆ ಬಾಯಿಪಾಠ. ಆದರೂ ಎರಡು ಕಡೆ ಕೈತಪ್ಪಿ, ಜೀವ ಹೋಗದೆ ಕೂದಲೆಳೆಯಲ್ಲಿ ಪಾರಾದಳು. ಬೆವರಿಗೆ ಗುಂಡಿ ಜಾರುತ್ತಿತ್ತು. ಅಣ್ಣ ತನ್ನ ಕರವಸ್ತ್ರ ಕೊಟ್ಟ. ಅವಳು ಒರೆಸಿಕೊಳ್ಳುವಷ್ಟು ಹೊತ್ತೂ ನಿಲ್ಲಿಸಲಿಲ್ಲ. ಮೊಣಕಾಲಿಗೆ ಅಂಗೈ ಉಜ್ಜಿಕೊಂಡಳು.

ಅವಳು ಗೋಪುರದ ಬುಡ ಮುಟ್ಟುವ ಹೊತ್ತಿಗೆ ಕೊರಿಯರ್‌ನವನು ಮೆಟ್ಟಿಲು ಹತ್ತಿ ಬಂದಿದ್ದ. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಟಿವಿ ನೋಡುತ್ತಾ ನಿಂತ.

"ಪಾರ್ಸಲ್ ಸಾರ್?"

"ಇದೇ ಪಾರ್ಸಲ್. ಕೂತ್ಕೋ," ಎಂದರು ಮ್ಯಾನೇಜರ್.

ಏಣಿಯ ಮಧ್ಯದವರೆಗೆ ಹತ್ತಿದ ನಾಯಕಿ ಬೇಕೆಂದೇ ಏಡಿಯ ಬಾಯಿಗೆ ಹೋಗಿ ನಿಂತಳು. ಸತ್ತಳು. ಕೆಳಗಿನಿಂದ ಮತ್ತೆ ಎದ್ದು ಬಂದಳು. ಒಂದು ಜೀವ ಹೋಯಿತು.

"ಅಯ್ಯೋ ಮೇಡಂ, ಹಾರಿ, ಹಾರಿ!" ಕೊರಿಯರ್‌ನವನು ಕೂತಲ್ಲಿಂದಲೇ ಕೈ ಎತ್ತಿದ. ಎರಡನೆಯ ಸಲವೂ ಅವಳು ಹಾಗೆಯೇ ಮಾಡಿದಾಗ ತಡೆಯಲಾರದೆ, "ಇದೇನ್ ಸಾರ್ ಇವರು? ಅಷ್ಟು ದೂರ ಬಂದು ಗಂಡನ ಮೇಲಿನ ಸಿಟ್ಟಿಗೆ ಬಾವಿಗೆ ಬಿದ್ದಂಗೆ ಬೀಳ್ತಾರಲ್ಲ," ಎಂದ.

"ಸಾಯೋದಕ್ಕೇ ಹೋಗಿರೋದು. ಸುಮ್ನಿರಪ್ಪ," ಎಂದ ಅಣ್ಣ.

ಮೂರನೆಯ ಜೀವ. ಅವಳು ಮೊದಲು ಬಿದ್ದ ಜಾಗಕ್ಕೇ ಹತ್ತಿದಳು. ಅಲ್ಲಿ ಕೈ ನಿಂತಿತು. ಆಟ ಕೈಗೆ ಕಲಿಸಿದ್ದೆಲ್ಲ ಬದುಕುವುದನ್ನು. ಏಡಿ ಬಂದಾಗ ಹೆಬ್ಬೆರಳು ತಾನಾಗಿಯೇ ಒತ್ತಿಬಿಟ್ಟಿತು. ನಾಯಕಿ ಹಾರಿ ಪಾರಾದಳು.

"ಛೆ," ಎಂದಳು ತಂಗಿ. ಎರಡೂ ಹೆಬ್ಬೆರಳುಗಳನ್ನು ಗುಂಡಿಗಳಿಂದ ಎತ್ತಿ ಹಿಡಿದಳು. ಇನ್ನೊಂದು ಏಡಿ ಬಂತು.

ನಾಯಕಿ ತಲೆಕೆಳಗಾದಳು. ಒಂದೇ ಸ್ವರ ಹಿಡಿದುಕೊಂಡಿತು. ಪರದೆಯ ತಳದಲ್ಲಿ ಮುರಿದ ಗೀರುಗಳ ಅದೇ ಸಾಲು ಮೂಡಿ ನಿಂತಿತು.

ಯಾರೂ ವೈರು ತುಳಿದಿರಲಿಲ್ಲ. ಮ್ಯಾನೇಜರ್ ಮೂಲೆಯಲ್ಲೇ ಇದ್ದರು.

ಕೊರಿಯರ್‌ನವನು ತಲೆ ವಾರೆ ಮಾಡಿ, ಆಮೇಲೆ ಇನ್ನೊಂದು ಕಡೆಗೆ ವಾರೆ ಮಾಡಿ ನೋಡಿದ. "ಗೀರಲ್ಲ ಸಾರ್ ಅದು, ಅಕ್ಷರ. ಯಾರದೋ ಹೆಸರು ಇದ್ದಂಗಿದೆ," ಎಂದು ಒಂದೊಂದೇ ಅಕ್ಷರ ಕೂಡಿಸಿ ಓದಿದ.

ಅದು ತಂಗಿಯ ಹೆಸರಿನ ಮೊದಲರ್ಧ.

ಅವಳು ಅಣ್ಣನ ಕಡೆ ತಿರುಗಿದಳು. ಅವನು ಆಗಲೇ ಎದ್ದು ಕಂಪ್ಯೂಟರಿನ ಮುಂದೆ ಕೂತಿದ್ದ, ಆದರೆ ಏನನ್ನೂ ಒತ್ತುತ್ತಿರಲಿಲ್ಲ.

"ನಮ್ಮೆಲ್ಲರ ಹೆಸರು ಹಾಕಿದ್ದೆ," ಎಂದ. "ಚಿತ್ರ ಬರೆದವನು, ಸಂಗೀತ ಮಾಡಿದವನು ಸೇರಿ ಐದೂ ಜನರದ್ದು. ಗೋಪುರದ ತುದೀಲಿ, ನಾಯಕಿ ಬಾಗಿಲ ಹಿಂದೆ ಬಗ್ಗಿ ಕೂತ್ರೆ ಕಾಣೋ ಹಾಗೆ."

"ಹೆಸರು ಹಾಕಬಾರದು ಅಂತ ಒಪ್ಪಂದದಲ್ಲೇ ಇದೆಯಲ್ಲಪ್ಪ!" ಮ್ಯಾನೇಜರ್ ಮೂಲೆ ಬಿಟ್ಟು ಬಂದರು.

"ಅದಕ್ಕೇ ಬಾಗಿಲ ಹಿಂದೆ ಹಾಕಿದ್ದು ಸಾರ್." ಅಣ್ಣ ಮುಖ ಉಜ್ಜಿಕೊಂಡ. "ಚಿಪ್‌ನಲ್ಲಿ ಎಳ್ಳಷ್ಟೂ ಜಾಗ ಇರಲಿಲ್ಲ. ಹುಡುಕಿದಾಗ ಒಂದು ತುಂಡು ಸಿಕ್ತು. ಎಷ್ಟು ದಿನ ಆಡಿದ್ರೂ ಆಟ ಅದನ್ನ ಮುಟ್ಟಿರಲೇ ಇಲ್ಲ. ಹಳೇ ಕಸ ಇರಬೇಕು ಅಂತ ಅದರ ಮೇಲೆ ಬರೆದೆ. ಕಸ ಅಲ್ಲ, ನೀರು. ಗೋಪುರದಲ್ಲಿ ಕೊನೇ ಜೀವ ಹೋದಾಗ ಏರೋ ನೀರು. ಮೂರು ತಿಂಗಳ ಹಿಂದೆ ನಾನೇ ಬರೆದದ್ದು, ನಾನೇ ಮರೆತೆ."

"ಎಲ್ಲರೂ ಚಿರಂಜೀವಿ ಆಗಿದ್ವಲ್ಲ," ಎಂದಳು ತಂಗಿ. "ನೀರು ಯಾಕೆ ಬರತ್ತೆ?"

"ಹಳೇ ನೀರು ಫ್ಲಾಪಿಯಲ್ಲಿ ಇದೆಯಾ?" ಮ್ಯಾನೇಜರ್ ಕೇಳಿದರು.

"ಇದೆ. ಹಾಕಬಹುದು. ಹೆಸರು ತೆಗೀಬೇಕು."

"ಮತ್ತೇನು ನೋಡ್ತಾ ಕೂತಿದೀಯ!"

ಅಣ್ಣ ತಂಗಿಯನ್ನು ನೋಡಿದ. "ಅಮ್ಮನಿಗೆ ಮಾತು ಕೊಟ್ಟಿದ್ದೆ ಕಣೇ. ಟಿವೀಲಿ ನಿನ್ನ ಹೆಸರು ತೋರಿಸ್ತೀನಿ ಅಂತ."

ಮಗಳು ದಿನವಿಡೀ ಆಟವಾಡಿ ಸಂಬಳ ತರುತ್ತಾಳೆ ಎಂಬುದನ್ನು ಅವರ ಅಮ್ಮ ಇವತ್ತಿನವರೆಗೂ ನಂಬಿರಲಿಲ್ಲ. ಅಣ್ಣ ತನ್ನ ಸಂಬಳವನ್ನೇ ಎರಡು ಲಕೋಟೆ ಮಾಡುತ್ತಾನೆ ಎಂಬುದು ಅವರ ಅನುಮಾನ. ನೆಂಟರು ಕೇಳಿದರೆ 'ಟೈಪಿಂಗ್ ಕೆಲಸ' ಎನ್ನುತ್ತಿದ್ದರು.

ತಂಗಿ ಪರದೆಯ ಮೇಲಿದ್ದ ತನ್ನ ಅರ್ಧ ಹೆಸರನ್ನು ಒಮ್ಮೆ ನೋಡಿದಳು. ಆಮೇಲೆ ಕೈ ಚಾಚಿ ಟಿವಿಯ ಸದ್ದು ಪೂರ್ತಿ ತಗ್ಗಿಸಿದಳು.

"ನೀರು ಹಾಕು," ಎಂದಳು.

ಅಣ್ಣ ಫ್ಲಾಪಿ ಹಾಕಿದ. ಕೊರಿಯರ್‌ನವನು ಕೆಳಗೆ ಹೋಗಿ ತನ್ನ ವ್ಯಾನಿನವನಿಗೆ ಇನ್ನಷ್ಟು ಹೊತ್ತು ಕಾಯಲು ಹೇಳಿ ಬಂದ. ಡಬ್ಬಿಯಲ್ಲಿ ಖಾಲಿ ಚಿಪ್ ಒಂದೇ ಉಳಿದಿತ್ತು. ಯಂತ್ರದ ಹಸಿರು ದೀಪ ಮಿನುಗುತ್ತಿದ್ದಷ್ಟು ಹೊತ್ತೂ ಮ್ಯಾನೇಜರ್ ಮೇಜಿಗೂ ಬಾಗಿಲಿಗೂ ನಡುವೆ ನಿಂತು, ಯಾರೂ ಆ ಕಡೆ ಸುಳಿಯದಂತೆ ಕೈ ಅಡ್ಡ ಹಿಡಿದಿದ್ದರು. ಚಿಪ್ ಬರೆದಾಯಿತು. ತಂಗಿ ಅದನ್ನು ಕ್ಯಾಸೆಟ್ಟಿಗೆ ಹಾಕಿ ಆಟ ಶುರು ಮಾಡಿದಳು. ಚಿತ್ರದ ಹೆಸರು ಬಂತು, ಸಂಗೀತ ಬಂತು, ನಾಯಕಿ ಹಡಗುಕಟ್ಟೆಯ ಮೇಲೆ ಇಳಿದಳು. ಅದಕ್ಕಿಂತ ಮುಂದೆ ಆಡಲು ಹೊತ್ತಿರಲಿಲ್ಲ.

"ಕೊನೇವರೆಗೂ ನೋಡದೆ ಕಳಿಸೋದಾ?" ಎಂದರು ಮ್ಯಾನೇಜರ್.

ಅಣ್ಣ ಗಡಿಯಾರದ ಕಡೆ ಕೈ ತೋರಿಸಿದ. ಅವರೇ ಚಿಪ್ ತೆಗೆದು ಸ್ಪಂಜಿನಲ್ಲಿಟ್ಟು ಡಬ್ಬಿ ಮುಚ್ಚಿದರು.

ಹಳೆಯ ಚಿಪ್ ಅಳಿಸಿ ಇನ್ನೊಂದು ಪ್ರತಿ ಬರೆದು ಮರುದಿನ ಆಡಿ ನೋಡಬಹುದಿತ್ತು. ತಪ್ಪಿದ್ದರೂ ಹಿಂದಕ್ಕೆ ತರಿಸುವಂತಿರಲಿಲ್ಲ. ಅಣ್ಣ ಬರೆಯಲಿಲ್ಲ, ತಂಗಿಯೂ ಬರೆ ಎನ್ನಲಿಲ್ಲ. ಚಿತ್ರ ಬಿಡುಗಡೆಯಾದ ವಾರ ಆಟವೂ ಅಂಗಡಿಗೆ ಬಂತು.

ಅದಾಗಿ ಎರಡು ವಾರಕ್ಕೆ ತಂಗಿ ಅಮ್ಮನನ್ನು ಕರೆದುಕೊಂಡು ಮಿಕ್ಸಿಯ ಜಾರು ಕೊಳ್ಳಲು ಹೋಗಿದ್ದಳು. ಅಂಗಡಿಯ ಒಳಗೆ ಟಿವಿಗಳನ್ನು ಸಾಲಾಗಿ ಇಟ್ಟಿದ್ದ ಕಡೆ ಅಂಗಡಿಯವನು ಸ್ಟೂಲಿನ ಮೇಲೆ ಕೂತು ಆಡುತ್ತಿದ್ದ. ಗಿರಾಕಿ ಬಂದದ್ದೂ ಅವನಿಗೆ ತಿಳಿಯಲಿಲ್ಲ. ಕೆಂಪು ಉಡುಪಿನವಳು ಗೋಪುರದ ಏಣಿ ಹತ್ತುತ್ತಿದ್ದಳು. ಮೂಲೆಯಲ್ಲಿ ಒಂದೇ ಜೀವ ತೋರಿಸುತ್ತಿತ್ತು.

"ಇದೇ ಏನೇ ನಿಮ್ಮದು?" ಅಮ್ಮ ಕೇಳಿದರು.

"ಹೂಂ."

"ಎಲ್ಲಿ, ಹೆಸರು ಬರತ್ತೆ ಅಂದಿದ್ದ ನಿಮ್ಮಣ್ಣ?"

ತಂಗಿ ಅಮ್ಮನ ಮುಂಗೈ ಹಿಡಿದುಕೊಂಡಳು. ಅಂಗಡಿಯವನು ಏಡಿಯನ್ನು ನೋಡಲಿಲ್ಲ. ನಾಯಕಿ ಕೈಬಿಟ್ಟು ತಲೆಕೆಳಗಾದಳು. ಪರದೆಯ ತಳದಲ್ಲಿ ಒಂದು ಸಾಲು ಮೂಡಿತು, ನೀಲಿ. ಅದರ ಮೇಲೆ ಇನ್ನೊಂದು. ನೀರು ಏಣಿಯನ್ನು, ಏಡಿಗಳನ್ನು, ಕೆಂಪು ಉಡುಪನ್ನು ಮುಳುಗಿಸಿ ಪರದೆಯ ಅಂಚಿನವರೆಗೂ ತುಂಬಿತು. 'ಮುಗಿಯಿತು' ಎಂದು ಬಂತು.

"ಥತ್, ಇದರ..." ಎಂದು ಅಂಗಡಿಯವನು ತೊಡೆಗೆ ಹೊಡೆದುಕೊಂಡ.

"ಪಾಪ. ಮತ್ತೆ ಮೊದಲಿಂದಾನಾ?" ಎಂದರು ಅಮ್ಮ.

"ಮೊದಲಿಂದಾನೇ."

ಅಂಗಡಿಯವನು ಗುಂಡಿ ಒತ್ತಿದ. ನಾಯಕಿ ಹಡಗುಕಟ್ಟೆಯ ಮೇಲೆ ಇಳಿದಳು.